248 ಮತ, ಕಾಣದ ವಿಡಿಯೊ

ಮಾಲೂರು ವಿಧಾನಸಭಾ ಕ್ಷೇತ್ರದ ಮತಗಳನ್ನು 2023ರ ಮೇ 13ರಂದು ಎಣಿಸಿದರು. ಅವೇ ಮತಗಳನ್ನು 2025ರ ನವೆಂಬರ್ 11ರಂದು ಕೋಲಾರದಲ್ಲಿ ಮತ್ತೆ ಎಣಿಸಿದರು. ಈ ಎರಡು ದಿನಗಳ ನಡುವೆ ಶಾಸಕರ ಅರ್ಧ ಅವಧಿ ಕಳೆದುಹೋಯಿತು. ಎರಡನೇ ಎಣಿಕೆಯ ಲೆಕ್ಕವಾದರೂ ಅಂದೇ ಜನರ ಎದುರು ಬಂತೇ ಎಂದರೆ ಅದೂ ಇಲ್ಲ. ಅದನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಸುಪ್ರೀಂ ಕೋರ್ಟಿಗೆ ಸಲ್ಲಿಸಬೇಕೆಂಬುದೇ ಆದೇಶವಾಗಿತ್ತು.

ಅಂಕಿಗಳನ್ನು ಒಮ್ಮೆ ನೋಡಬೇಕು. ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರಿಗೆ 50,955, ಬಿಜೆಪಿಯ ಕೆ.ಎಸ್. ಮಂಜುನಾಥ ಗೌಡರಿಗೆ 50,707, ಪಕ್ಷೇತರ ಹೂಡಿ ವಿಜಯಕುಮಾರ್ ಅವರಿಗೆ 49,362. ಮೊದಲಿಬ್ಬರ ಅಂತರ 248. ಒಂದೆರಡು ಮತಗಟ್ಟೆಗಳ ಲೆಕ್ಕ ಅತ್ತಿತ್ತ ಆದರೆ ಶಾಸಕರೇ ಬದಲಾಗುವಷ್ಟು ಕಡಿಮೆ. ಇಂಥ ಕಡೆ ಎಣಿಕೆಯ ಪ್ರತಿ ಕ್ಷಣಕ್ಕೂ ದಾಖಲೆ ಇರಬೇಕಿತ್ತು. ಆದರೆ 2025ರ ಸೆಪ್ಟೆಂಬರ್ 16ರಂದು ಹೈಕೋರ್ಟು ಈ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿದಾಗ ಬಯಲಾದದ್ದು, ಎಣಿಕೆಯ ವಿಡಿಯೊ ಚಿತ್ರೀಕರಣವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲು ಆಡಳಿತಕ್ಕೆ ಆಗಲೇ ಇಲ್ಲ ಎಂಬ ಸಂಗತಿ. ಮುಂದಿನ ತಿಂಗಳು ಸುಪ್ರೀಂ ಕೋರ್ಟು ಆಯ್ಕೆ ರದ್ದತಿಗೆ ತಡೆ ನೀಡಿತು, ಮರುಎಣಿಕೆ ನಡೆಯಲಿ ಎಂದಿತು.

ಗೆದ್ದವರು ನಂಜೇಗೌಡರೋ ಮಂಜುನಾಥ ಗೌಡರೋ ಎಂಬುದು ನಮ್ಮ ತಕರಾರಲ್ಲ. ಅದನ್ನು ನ್ಯಾಯಾಲಯ ಹೇಳಲಿ. ಮತ ಎಣಿಸುವುದು ಸರ್ಕಾರಿ ಕೆಲಸ. ಆ ಕೆಲಸ ಸರಿಯಾಗಿ ನಡೆಯಿತು ಎಂದು ತೋರಿಸುವ ಹೊಣೆಯೂ ಎಣಿಸಿದವರದ್ದೇ. ವಿಡಿಯೊ ಮಾಡಿಸಿದ ಆಡಳಿತ, ಕೇಳಿದಾಗ ಅದನ್ನು ಕೊಡಲಾಗಲಿಲ್ಲ ಎಂದರೆ ಅದನ್ನು ಗುಮಾಸ್ತನ ಮರೆವು ಎಂದು ಬಿಡಲಾಗದು. ಕರ್ತವ್ಯಲೋಪ ಎಂಬುದೂ ಅದಕ್ಕೆ ಮೆದುವಾದ ಮಾತೇ. ಸೋತವರ ಅನುಮಾನಕ್ಕೆ ಬಲ ತುಂಬಿದ್ದು ಇದೇ ಲೋಪ. ಗೆದ್ದವರ ಗೆಲುವಿಗೆ ಕಪ್ಪು ಹಚ್ಚಿದ್ದೂ ಇದೇ.

ಎಣಿಕೆ ಕೇಂದ್ರದ ಒಳಗೆ ಕೂತವರಿಗೆ ಇದರ ತೂಕ ಗೊತ್ತು. ತಂತಿಬಲೆಯ ಆಚೆ ಸಿಬ್ಬಂದಿ, ಈಚೆ ಬೆಂಚಿನ ಮೇಲೆ ಏಜೆಂಟರು. ಮೊಹರು ನೋಡಿ ಕಂಟ್ರೋಲ್ ಯೂನಿಟ್ ತೆರೆಯುತ್ತಾರೆ, ಫಲಿತಾಂಶದ ಗುಂಡಿ ಒತ್ತುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಯ ಅಂಕಿ ಪುಟ್ಟ ಪರದೆಯಲ್ಲಿ ಮೂಡಿ ಮಾಯವಾಗುತ್ತದೆ. ಅಷ್ಟರಲ್ಲೇ ಏಜೆಂಟ್ ಅದನ್ನು ಗೀಚಿಕೊಳ್ಳಬೇಕು, ಮತಗಟ್ಟೆಯಿಂದ ಬಂದ 17ಸಿ ನಮೂನೆಯೊಂದಿಗೆ ತಾಳೆ ನೋಡಬೇಕು, ಸಹಿ ಹಾಕಬೇಕು. ಹದಿನಾಲ್ಕು ಮೇಜು, ಸುತ್ತಿನ ಮೇಲೆ ಸುತ್ತು, ಹೊರಗೆ ಪಟಾಕಿ ಸದ್ದು. ಮಧ್ಯಾಹ್ನದ ಹೊತ್ತಿಗೆ ಸೋಲುವ ಪಕ್ಷದ ಅರ್ಧ ಏಜೆಂಟರು ಎದ್ದು ಹೋಗಿರುತ್ತಾರೆ ಎಂಬುದನ್ನೂ ಹೇಳಿಬಿಡಬೇಕು. ಒಟ್ಟು ಲೆಕ್ಕ ಘೋಷಿಸಿದ ಮೇಲೆ ಮರುಎಣಿಕೆ ಬೇಕೆಂದು ಲಿಖಿತವಾಗಿ ಕೇಳಲು ಸಿಗುವುದು ತುಸು ಹೊತ್ತು ಮಾತ್ರ. ಕೊಡುವುದೋ ಬಿಡುವುದೋ ಚುನಾವಣಾಧಿಕಾರಿಯ ವಿವೇಚನೆ. ಆ ಗದ್ದಲದಲ್ಲಿ ಏನಾಯಿತು ಎಂದು ಆಮೇಲೆ ನಿಷ್ಪಕ್ಷಪಾತವಾಗಿ ಹೇಳಬಲ್ಲ ಸಾಕ್ಷಿ ಕ್ಯಾಮೆರಾ ಒಂದೇ.

ಚುನಾವಣಾ ತಕರಾರು ಅರ್ಜಿ ಸಲ್ಲಿಸಲು ಪ್ರಜಾಪ್ರಾತಿನಿಧ್ಯ ಕಾಯ್ದೆ ಕೊಡುವ ಗಡುವು 45 ದಿನ. ಅಂಥ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಮಾಲೂರಿನ ಮೊದಲ ತೀರ್ಪಿಗೇ ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ಚುನಾವಣಾ ಆಯೋಗವಾದರೂ ಪಾಠ ಕಲಿತಿದೆಯೇ? 2024ರ ಡಿಸೆಂಬರಿನಲ್ಲಿ ಚುನಾವಣಾ ನಿಯಮ 93ಕ್ಕೆ ತಿದ್ದುಪಡಿಯಾಗಿ, ಸಿಸಿಟಿವಿಯಂಥ ದಾಖಲೆಗಳು ಸಾರ್ವಜನಿಕರ ಕೈಗೆ ಸುಲಭವಾಗಿ ಸಿಗದಂತಾಯಿತು. 2025ರ ಮೇ 30ರಂದು, ಅರ್ಜಿ ದಾಖಲಾಗದಿದ್ದರೆ 45 ದಿನಗಳ ನಂತರ ಚಿತ್ರೀಕರಣವನ್ನು ಅಳಿಸಬಹುದು ಎಂದು ಆಯೋಗ ರಾಜ್ಯಗಳಿಗೆ ಬರೆಯಿತು. ಮಾಲೂರಿನಲ್ಲಿ ಅರ್ಜಿ ದಾಖಲಾಗಿತ್ತು, ಆದರೂ ವಿಡಿಯೊ ನ್ಯಾಯಾಲಯ ತಲುಪಲಿಲ್ಲ. ಇದ್ದ ಬಾಗಿಲಿಗೆ ಚಿಲಕ ಹಾಕುವ ಉತ್ಸಾಹ ಕಾಪಾಡುವ ಕೆಲಸದಲ್ಲಿ ಕಾಣುತ್ತಿಲ್ಲ.

ಮಾಲೂರಿನ ಗೋಜು ನಮಗೇಕೆ ಎನ್ನುವವರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಇದ್ದಾರೆ. 2007ರವರೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರ ಜಿಲ್ಲೆಯವೇ. ಚಿಂತಾಮಣಿ, ಶಿಡ್ಲಘಟ್ಟದ ಮತದಾರರು ಮಾಲೂರಿನವರ ಜೊತೆ ಸೇರಿ ಇವತ್ತಿಗೂ ಕೋಲಾರದ ಸಂಸದರನ್ನು ಆರಿಸುತ್ತಾರೆ. 2023ರಲ್ಲಿ ಈ ನಾಲ್ಕೂ ಕ್ಷೇತ್ರಗಳ ಗೆಲುವು ಸಾವಿರಗಳ ಅಂತರದ್ದು ಎಂಬುದು ನಿಜ. ಚಿಕ್ಕಬಳ್ಳಾಪುರದಲ್ಲಿ ಪ್ರದೀಪ್ ಈಶ್ವರ್ ಅವರು ಡಾ. ಕೆ. ಸುಧಾಕರ್ ಅವರನ್ನು ಸೋಲಿಸಿದ್ದು ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ. ಆದರೆ ಗೌರಿಬಿದನೂರಿನಲ್ಲಿ ಗೆದ್ದ ಕೆ.ಎಚ್. ಪುಟ್ಟಸ್ವಾಮಿ ಗೌಡರು ಪಕ್ಷೇತರರು. ಶಿಡ್ಲಘಟ್ಟದಲ್ಲಿ ಎರಡನೇ ಸ್ಥಾನಕ್ಕೆ ಬಂದವರೂ ಪಕ್ಷೇತರರೇ. ಪಕ್ಷಕ್ಕಿಂತ ಆಸಾಮಿ ಮುಖ್ಯವಾಗುವ, ತ್ರಿಕೋನ ಸ್ಪರ್ಧೆಯೇ ರೂಢಿಯಾದ ಸೀಮೆ ನಮ್ಮದು. 2014ರ ಲೋಕಸಭಾ ಚುನಾವಣೆಯಲ್ಲಿ ಚಿಕ್ಕಬಳ್ಳಾಪುರದಿಂದ ವೀರಪ್ಪ ಮೊಯಿಲಿ, ಬಚ್ಚೇಗೌಡ, ಕುಮಾರಸ್ವಾಮಿ ಮೂವರೂ ಕಣದಲ್ಲಿದ್ದಾಗ ಅಷ್ಟು ದೊಡ್ಡ ಕ್ಷೇತ್ರ ತೀರ್ಮಾನವಾದದ್ದು 9,520 ಮತಗಳಲ್ಲಿ. ಮತ ಮೂರು ಪಾಲಾದ ಕಡೆ ಮಾಲೂರು ಯಾವ ಚುನಾವಣೆಯಲ್ಲಾದರೂ ಮರುಕಳಿಸಬಹುದು.

ರಾಜ್ಯಕ್ಕೂ ಇದು ಹೊಸತಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಸೋತ ಎ.ಆರ್. ಕೃಷ್ಣಮೂರ್ತಿಯವರ ಕಾರು ಚಾಲಕನಿಗೇ ಮತ ಹಾಕಲು ಬಿಡುವು ಸಿಗಲಿಲ್ಲವಂತೆ ಎಂಬ ಮಾತು ಇಂದಿಗೂ ಕಟ್ಟೆಗಳಲ್ಲಿ ಓಡಾಡುತ್ತದೆ. 2023ರಲ್ಲಿ ಜಯನಗರದ ಅಂತರ 16, ಶೃಂಗೇರಿಯದು 201. ಜಯನಗರದಲ್ಲಿ ತಿರಸ್ಕೃತ ಅಂಚೆ ಮತಗಳನ್ನು ಮತ್ತೆ ತಿರುವಿ ನೋಡುವ ಹೊತ್ತಿಗೆ ಮುಂದಿದ್ದವರು ಹಿಂದಾದರು. ಮತ ಸಾಧುವೋ ಅಸಾಧುವೋ ಎಂಬುದು ಒಬ್ಬ ಅಧಿಕಾರಿಯ ಕಣ್ಣಳತೆಗೆ ಬಿಟ್ಟ ವಿಷಯವಾದರೆ ಆಗುವುದೇ ಹೀಗೆ.

ಇದಕ್ಕೆ ಬೇರೆ ದಾರಿಯೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರಾಜ್ಯಮಟ್ಟದ ಹುದ್ದೆಗಳ ಚುನಾವಣೆಯಲ್ಲಿ ಅಂತರ ಶೇ 0.5 ಅಥವಾ ಅದಕ್ಕೂ ಕಡಿಮೆಯಾದರೆ ಮರುಎಣಿಕೆ ತಾನಾಗಿಯೇ ಶುರುವಾಗುತ್ತದೆ. ಅರ್ಜಿಯೂ ಬೇಡ, ಅಧಿಕಾರಿಯ ಮರ್ಜಿಯೂ ಬೇಡ. ಸೋತವರು ಬಯಸಿದರೆ ಬೇಡವೆನ್ನಬಹುದು, ಅಷ್ಟೆ. ಮಾಲೂರಿನ ಅಂತರ ಶೇ 0.15ರ ಆಸುಪಾಸಿನದು. ಅಂಥ ನಿಯಮ ಇಲ್ಲಿದ್ದಿದ್ದರೆ ಈ ವ್ಯಾಜ್ಯ 2023ರ ಮೇ ತಿಂಗಳಲ್ಲೇ ಬಗೆಹರಿಯುತ್ತಿತ್ತು. ಮತಯಂತ್ರದ ಕಾಲದಲ್ಲಿ ಒಂದು ಕ್ಷೇತ್ರವನ್ನು ಮತ್ತೊಮ್ಮೆ ಎಣಿಸಲು ಒಂದು ದಿನ ಸಾಕು. ಕ್ಷೇತ್ರಕ್ಕೆ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಈಗಾಗಲೇ ಎಣಿಸುತ್ತಾರೆ. ಕೂದಲೆಳೆಯ ಗೆಲುವಿನಲ್ಲಿ ಎಲ್ಲ ಮತಗಟ್ಟೆಗಳ ಚೀಟಿ ಎಣಿಸಿದರೆ ಆಯೋಗದ ಗಂಟೇನೂ ಹೋಗದು.

ಸಂಸತ್ತು ಅಂಥ ಮರುಎಣಿಕೆಯ ನಿಯಮ ತರುವವರೆಗೂ ಚುನಾವಣಾ ಆಯೋಗ ಕೈಕಟ್ಟಿ ಕೂರಬೇಕಿಲ್ಲ. ಶೇ 0.5ಕ್ಕಿಂತ ಕಡಿಮೆ ಅಂತರದ ಕಡೆ ಮರುಎಣಿಕೆ ಕೇಳಿದರೆ ನಿರಾಕರಿಸಬೇಡಿ ಎಂದು ಚುನಾವಣಾಧಿಕಾರಿಗಳಿಗೆ ಆದೇಶಿಸಲಿ. ಎಣಿಕೆಯ ವಿಡಿಯೊವನ್ನು ಶಾಸಕರ ಅವಧಿ ಮುಗಿಯುವವರೆಗೂ ಕಾಪಿಡಲಿ. ಎಲ್ಲಕ್ಕೂ ಮೊದಲು, ಮಾಲೂರಿನ ಎಣಿಕೆಯ ವಿಡಿಯೊ ಯಾರ ಸುಪರ್ದಿಯಲ್ಲಿತ್ತು, ಅದೇನಾಯಿತು, ಹೊಣೆಗಾರರ ಮೇಲೆ ಯಾವ ಕ್ರಮವಾಯಿತು ಎಂಬುದನ್ನು ಜನರ ಮುಂದಿಡಲಿ. ಆ ಉತ್ತರ ಬರುವವರೆಗೆ ಈ ಪ್ರಕರಣದಲ್ಲಿ ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲುವುದು ಇಬ್ಬರು ಅಭ್ಯರ್ಥಿಗಳಲ್ಲ, ಚುನಾವಣೆ ನಡೆಸಿದ ಆಡಳಿತ.