ಜಾಗ್ವಾರ್: ಹಳೆಯ ಹೆಸರು, ಹೊಸ ಬೆಲೆ

2024ರ ನವೆಂಬರ್ 19ರಂದು ಬ್ರಿಟನ್ನಿನ ಜಾಗ್ವಾರ್ ಕಾರು ಸಂಸ್ಥೆಯು ಒಂದು ಕಿರು ಜಾಹೀರಾತನ್ನು ಬಿಡುಗಡೆ ಮಾಡಿತು. ಗಾಢವರ್ಣದ ಉಡುಪು ತೊಟ್ಟ ಕೆಲವರು ಅದರಲ್ಲಿ ನಡೆದಾಡಿದರೇ ಹೊರತು ಒಂದು ಕಾರೂ ಕಾಣಿಸಲಿಲ್ಲ. ಅದರ ಜೊತೆಗೇ ಹೆಸರಿನ ಅಕ್ಷರವಿನ್ಯಾಸವೂ ಬದಲಾಯಿತು. ನೀವು ಕಾರು ಮಾರುತ್ತೀರಾ ಎಂದು ಟೆಸ್ಲಾ ಕಂಪೆನಿಯ ಇಲಾನ್ ಮಸ್ಕ್ ಬಹಿರಂಗವಾಗಿಯೇ ಕುಟುಕಿದರು. ಕೋಟ್ಯಂತರ ಜನ ಆ ಜಾಹೀರಾತನ್ನು ನೋಡಿದರು. ಬಹುಪಾಲು ಜನ ಹಾಸ್ಯ ಮಾಡಿದರು.

ಈ ಸಂಸ್ಥೆಯ ಒಡೆತನ ಇರುವುದು ಮುಂಬಯಿಯ ಟಾಟಾ ಸಮೂಹದಲ್ಲಿ. ಜಾಗ್ವಾರನ್ನು ಭಾರತಕ್ಕೆ ತಂದುಕೊಟ್ಟ ರತನ್ ಟಾಟಾ ಅವರು ತೀರಿಕೊಂಡದ್ದು ಅದೇ ವರ್ಷದ ಅಕ್ಟೋಬರ್ 9ರಂದು. ಅಂದರೆ ಈ ಗದ್ದಲಕ್ಕೆ ಆರು ವಾರ ಮುಂಚೆ. ಟಾಟಾ ಮೋಟಾರ್ಸ್‌ನ ನಾಲ್ಕು ಷೇರುಗಳನ್ನು ಮಕ್ಕಳ ಹೆಸರಿನಲ್ಲಿ ತೆಗೆದಿಟ್ಟ ಕುಟುಂಬಗಳು ನಮ್ಮ ನಡುವೆಯೂ ಇವೆ. ಆದುದರಿಂದ ಇದು ಸಿರಿವಂತರ ವಾಹನದ ಸುದ್ದಿ ಎಂದು ಪಕ್ಕಕ್ಕೆ ಸರಿಸುವಂತಿಲ್ಲ. ಟೀಕಾಕಾರರೆಲ್ಲ ಅಕ್ಷರದ ಆಕಾರವನ್ನೂ ಲಾಂಛನವನ್ನೂ ಚರ್ಚಿಸಿದರು. ನಮ್ಮ ಅಭಿಪ್ರಾಯದಲ್ಲಿ ಜಾಗ್ವಾರ್ ಕೈಬಿಡಹೊರಟಿರುವುದು ಅದಕ್ಕಿಂತ ದೊಡ್ಡ ಸಂಗತಿಯನ್ನು. ಅದನ್ನು ಅರಿಯಲು ಸಂಸ್ಥೆಯ ನೂರು ವರ್ಷಗಳ ಇತಿಹಾಸದತ್ತ ಕಣ್ಣು ಹಾಯಿಸುವುದು ಅವಶ್ಯ.

ಸೈಡ್‌ಕಾರಿನಿಂದ ಆರಂಭ

1922ರ ಸೆಪ್ಟೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಪಟ್ಟಣದಲ್ಲಿ ವಿಲಿಯಂ ಲಯನ್ಸ್ ಎಂಬ ಇಪ್ಪತ್ತೊಂದರ ತರುಣನು ವಿಲಿಯಂ ವಾಮ್ಸ್‌ಲಿಯೊಡನೆ ಸೇರಿ ಮೋಟಾರ್ ಸೈಕಲ್ಲುಗಳಿಗೆ ಸೈಡ್‌ಕಾರ್ ತಯಾರಿಸುವ ಸಣ್ಣ ಉದ್ಯಮವನ್ನು ಆರಂಭಿಸಿದನು. ಸ್ವಾಲೋ ಸೈಡ್‌ಕಾರ್ ಎಂಬುದು ಅದರ ಹೆಸರು. 1927ರಲ್ಲಿ ಅವರು ಆಸ್ಟಿನ್ ಸೆವೆನ್ ಎಂಬ ಜನಸಾಮಾನ್ಯರ ಅಗ್ಗದ ಕಾರಿನ ಮೇಲೆ ತಮ್ಮದೇ ಅಂದವಾದ ಹೊರಮೈಯನ್ನು ಕೂರಿಸಿ ಮಾರತೊಡಗಿದರು. ಮರುವರ್ಷ ಉದ್ಯಮವು ಮೋಟಾರು ಕೈಗಾರಿಕೆಯ ಕೇಂದ್ರವಾಗಿದ್ದ ಕೊವೆಂಟ್ರಿ ನಗರಕ್ಕೆ ಸ್ಥಳಾಂತರಗೊಂಡಿತು.

ಲಯನ್ಸ್ ಎಂಜಿನಿಯರ್ ಆಗಿರಲಿಲ್ಲ. ಆದರೆ ರೂಪದ ವಿಷಯದಲ್ಲಿ ಅವರ ಕಣ್ಣು ಅಪೂರ್ವವಾದುದು. ಕಾಗದದ ನಕ್ಷೆಯನ್ನು ನಂಬದೆ ನಿಜಗಾತ್ರದ ಮಾದರಿಯನ್ನು ಮಾಡಿಸಿ, ಬಯಲಿನಲ್ಲಿ ನಿಲ್ಲಿಸಿ, ಸುತ್ತಿ ನೋಡಿ ತಿದ್ದಿಸುವುದು ಅವರ ಪದ್ಧತಿ. ಅದರ ಜೊತೆಗೆ ಕಾಸಿಗೆ ಕಾಸು ಲೆಕ್ಕ ಹಾಕುವ ಮಿತವ್ಯಯವೂ ಇತ್ತು. ಈ ಎರಡು ಗುಣಗಳ ಕೂಡಿಕೆಯೇ ಜಾಗ್ವಾರ್‌ನ ಮೂಲ ಬಂಡವಾಳ.

1935ರಲ್ಲಿ ಜಾಗ್ವಾರ್ ಎಂಬ ಹೆಸರು ಹೊತ್ತ ಮೊದಲ ಕಾರನ್ನು ಲಂಡನ್ನಿನ ಹೋಟೆಲೊಂದರಲ್ಲಿ ಮಾರಾಟಗಾರರ ಮುಂದಿಟ್ಟಾಗ, ಬೆಲೆಯನ್ನು ಊಹಿಸಿ ಬರೆಯುವಂತೆ ಅವರನ್ನು ಕೇಳಲಾಯಿತು. ಊಹೆಗಳ ಸರಾಸರಿ 600 ಪೌಂಡನ್ನು ದಾಟಿತು. ನಿಜವಾದ ಬೆಲೆ 400 ಪೌಂಡಿಗಿಂತಲೂ ಕಡಿಮೆ ಇತ್ತು. ನೋಡಿದರೆ ಸಿರಿವಂತರ ಗಾಡಿ, ಕೊಳ್ಳಹೋದರೆ ಮಧ್ಯಮ ವರ್ಗದ ವೈದ್ಯನಿಗೋ ವಕೀಲನಿಗೋ ನಿಲುಕುವ ಬೆಲೆ - ಇದೇ ಜಾಗ್ವಾರ್‌ನ ಸೂತ್ರವಾಯಿತು. ಆಗ ಸಂಸ್ಥೆಯ ಹೆಸರು ಎಸ್.ಎಸ್. ಕಾರ್ಸ್ ಎಂದಿತ್ತು. ಹಿಟ್ಲರನ ಕ್ರೂರ ಪಡೆಯ ಹೆಸರೂ ಅದೇ ಆಗಿದ್ದುದರಿಂದ 1945ರಲ್ಲಿ ಅದನ್ನು ತೊರೆದು ಸಂಸ್ಥೆಗೇ ಜಾಗ್ವಾರ್ ಎಂದು ನಾಮಕರಣ ಮಾಡಲಾಯಿತು.

ಆಕರ್ಷಣೆಯ ಗುಟ್ಟು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊವೆಂಟ್ರಿಯ ಮೇಲೆ ಜರ್ಮನ್ ವಿಮಾನಗಳು ಬಾಂಬಿನ ಮಳೆಗರೆದವು. ಬೆಂಕಿ ಬಿದ್ದರೆ ನಂದಿಸಲೆಂದು ರಾತ್ರಿಯಿಡೀ ಕಾರ್ಖಾನೆಯಲ್ಲಿ ಕಾವಲಿರುತ್ತಿದ್ದ ಲಯನ್ಸ್ ಮತ್ತು ಅವರ ಎಂಜಿನಿಯರುಗಳು ಯುದ್ಧಾನಂತರದ ಹೊಸ ಎಂಜಿನ್ನಿನ ಕುರಿತು ಚರ್ಚಿಸುತ್ತಿದ್ದರು. ಹೀಗೆ ರೂಪುಗೊಂಡ ಎಕ್ಸ್‌ಕೆ ಎಂಜಿನ್ 1948ರಲ್ಲಿ ಎಕ್ಸ್‌ಕೆ 120 ಎಂಬ ಕಾರಿನಲ್ಲಿ ಬೆಳಕು ಕಂಡು, ಸುಧಾರಣೆಗಳೊಂದಿಗೆ 1992ರವರೆಗೆ ತಯಾರಿಕೆಯಲ್ಲಿತ್ತು. ಒಂದು ಎಂಜಿನ್ ನಾಲ್ಕು ದಶಕಗಳ ಕಾಲ ಬಾಳಿದ್ದು ಸಾಮಾನ್ಯ ಸಂಗತಿಯಲ್ಲ.

ಫ್ರಾನ್ಸಿನ ಲ ಮಾನ್ ಪಟ್ಟಣದ 24 ಗಂಟೆಗಳ ಓಟವು ಕಾರುಗಳ ಅಗ್ನಿಪರೀಕ್ಷೆ ಎಂದೇ ಪ್ರಸಿದ್ಧ. 1951, 1953, 1955, 1956 ಮತ್ತು 1957ರಲ್ಲಿ ಜಾಗ್ವಾರ್ ಅಲ್ಲಿ ಜಯಶಾಲಿಯಾಯಿತು. 1957ರಲ್ಲಂತೂ ಮೊದಲ ನಾಲ್ಕು ಸ್ಥಾನಗಳೂ ಅದರ ಪಾಲಾದವು. ಇಂದು ನಮ್ಮ ಸಾಧಾರಣ ಕಾರುಗಳಲ್ಲಿಯೂ ಇರುವ ಡಿಸ್ಕ್ ಬ್ರೇಕಿನ ಸಾಮರ್ಥ್ಯವನ್ನು ಲೋಕಕ್ಕೆ ಸಾರಿದ್ದು 1953ರ ಗೆಲುವು. ವೇಗವಾಗಿ ಓಡುವುದಕ್ಕಿಂತ ಬೇಗ ನಿಲ್ಲಿಸಬಲ್ಲವನೇ ಮುಂದೆ ಹೋಗುತ್ತಾನೆ ಎಂಬ ಪಾಠವನ್ನು ಅದು ಕಲಿಸಿತು.

1961ರಲ್ಲಿ ಜಿನೀವಾದಲ್ಲಿ ಪ್ರದರ್ಶಿತವಾದ ಇ-ಟೈಪ್ ಕಾರು ಈ ಪರಂಪರೆಯ ಶಿಖರ. ವಿಮಾನ ಕೈಗಾರಿಕೆಯಿಂದ ಬಂದಿದ್ದ ಮಾಲ್ಕಂ ಸೇಯರ್ ಅದರ ರೂಪವನ್ನು ಗಣಿತದ ಲೆಕ್ಕದಿಂದ ಬಿಡಿಸಿದವರು. ಉದ್ದನೆಯ ಮೂತಿಯ ಆ ಕಾರನ್ನು ಮುಂದೆ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವೂ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದರ ಬೆಲೆ 2,000 ಪೌಂಡಿಗಿಂತ ತುಸು ಹೆಚ್ಚು ಮಾತ್ರ. ಅದಕ್ಕೆ ಸಮಾನವೆನಿಸಿದ ಫೆರಾರಿಯ ಬೆಲೆ ಇದರ ಎರಡು ಪಟ್ಟಿಗೂ ಮಿಗಿಲಾಗಿತ್ತು. ಬ್ರಿಟನ್ನಿನ ಪ್ರಧಾನಿಗಳು ದಶಕಗಳ ಕಾಲ ಜಾಗ್ವಾರ್ ಕಾರುಗಳಲ್ಲಿ ಓಡಾಡಿದರು. ಒಳಗೆ ಮೆರುಗಿನ ಮರ ಹಾಗೂ ಚರ್ಮದ ಆಸನ, ಹೊರಗೆ ಮೂತಿಯ ತುದಿಯಲ್ಲಿ ನೆಗೆಯುವ ಚಿರತೆಯಂಥ ಪ್ರಾಣಿಯ ಲೋಹದ ಮೂರ್ತಿ - ಇವು ಗೌರವದ ಗುರುತುಗಳಾದವು. ಆದರೂ ಜನ ಮನಸೋತದ್ದು ಇವಿಷ್ಟಕ್ಕೇ ಅಲ್ಲ. ಕೊಟ್ಟ ಹಣಕ್ಕಿಂತ ಹೆಚ್ಚಿನದು ದೊರೆಯಿತೆಂಬ ತೃಪ್ತಿಯೇ ಜಾಗ್ವಾರ್‌ನ ನಿಜವಾದ ಆಕರ್ಷಣೆ.

ಕೈಯಿಂದ ಕೈಗೆ

ಗ್ರಾಹಕನಿಗೆ ಇಷ್ಟು ಲಾಭ ಮಾಡಿಕೊಟ್ಟ ಸೂತ್ರವು ಸಂಸ್ಥೆಗೆ ಮಾತ್ರ ದೊಡ್ಡ ಉಳಿತಾಯವನ್ನು ಮಾಡಿಕೊಡಲಿಲ್ಲ. ಹೊಸ ಮಾದರಿಗಳಿಗೆ ಬೇಕಾದ ಬಂಡವಾಳ ವರ್ಷದಿಂದ ವರ್ಷಕ್ಕೆ ಏರಿದಂತೆ, ಒಂಟಿಯಾಗಿ ನಿಲ್ಲುವುದು ಕಷ್ಟವಾಯಿತು. 1966ರಲ್ಲಿ ಲಯನ್ಸ್ ತಮ್ಮ ಸಂಸ್ಥೆಯನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನೊಡನೆ ಕೂಡಿಸಿದರು. 1968ರಲ್ಲಿ ಅದು ಬ್ರಿಟಿಷ್ ಲೇಲ್ಯಾಂಡ್ ಎಂಬ ಮಹಾ ಒಕ್ಕೂಟದಲ್ಲಿ ಲೀನವಾಯಿತು. ಮುಷ್ಕರ, ಕಳಪೆ ಗುಣಮಟ್ಟ ಮತ್ತು ಸರಕಾರೀಕರಣದ ಆ ದಿನಗಳಲ್ಲಿ ಜಾಗ್ವಾರ್‌ನ ಹೆಸರು ಮಾಸಿತು. ಮಾರ್ಗರೆಟ್ ಥ್ಯಾಚರ್ ಸರಕಾರ 1984ರಲ್ಲಿ ಅದನ್ನು ಮತ್ತೆ ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಮರುವರ್ಷ ಲಯನ್ಸ್ ನಿಧನರಾದರು.

1989ರ ಕೊನೆಯಲ್ಲಿ ಅಮೆರಿಕದ ಫೋರ್ಡ್ ಕಂಪೆನಿ ಸುಮಾರು 160 ಕೋಟಿ ಪೌಂಡು ತೆತ್ತು ಜಾಗ್ವಾರನ್ನು ಕೊಂಡುಕೊಂಡಿತು. ಹಣ ಸುರಿಯುವುದರಲ್ಲಿ ಫೋರ್ಡ್ ಜಿಪುಣತನ ತೋರಲಿಲ್ಲ. ಆದರೆ 2001ರಲ್ಲಿ ತನ್ನ ಮೊಂಡಿಯೊ ಕಾರಿನ ಅಡಿಪಾಯದ ಮೇಲೆಯೇ ಎಕ್ಸ್-ಟೈಪ್ ಎಂಬ ಜಾಗ್ವಾರನ್ನು ಕಟ್ಟಿದಾಗ ಅದು ಗ್ರಾಹಕರಿಗೆ ಪಥ್ಯವಾಗಲಿಲ್ಲ. ಲಯನ್ಸ್ ಕೂಡ ಆಸ್ಟಿನ್ನಿನ ಮೇಲೆ ತಮ್ಮ ಹೊರಮೈ ಕೂರಿಸಿಯೇ ಮೇಲೆ ಬಂದವರಲ್ಲವೇ ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸವಿಷ್ಟೇ: ಲಯನ್ಸ್ ಅಗ್ಗದ ವಸ್ತುವನ್ನು ಮೇಲೆತ್ತಿ ತೋರಿಸಿದರು, ಫೋರ್ಡ್ ಎತ್ತರದ ಹೆಸರನ್ನು ಕೆಳಗಿಳಿಸಿ ಮಾರಿತು.

ಮುಂಬಯಿಯ ಪಾಲು

2008ರ ಮಾರ್ಚ್ ತಿಂಗಳಲ್ಲಿ ಟಾಟಾ ಮೋಟಾರ್ಸ್ 230 ಕೋಟಿ ಡಾಲರಿಗೆ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಕೊಳ್ಳುವುದಾಗಿ ಘೋಷಿಸಿತು. ಜೂನ್ 2ರಂದು ಹಸ್ತಾಂತರವಾಯಿತು. ಇಂಡಿಕಾ ಕಾರಿನ ವ್ಯವಹಾರವನ್ನು ಮಾರಲೆಂದು 1999ರಲ್ಲಿ ಫೋರ್ಡ್ ಬಾಗಿಲಿಗೆ ಹೋದ ರತನ್ ಟಾಟಾ ಅವರಿಗೆ ಅಲ್ಲಿ ಮುಖಭಂಗವಾಗಿತ್ತೆಂದು ಸಮೂಹದ ಹಿರಿಯ ಅಧಿಕಾರಿಯಾಗಿದ್ದ ಪ್ರವೀಣ್ ಕಡ್ಲೆ ಅವರು 2015ರಲ್ಲಿ ಸಭೆಯೊಂದರಲ್ಲಿ ತಿಳಿಸಿದ್ದರು. ಅಂದಿನಿಂದ ಈ ಪ್ರಸಂಗ ಮನೆಮನೆಯ ಕತೆಯಾಗಿದೆ. ಆಳಿದವರ ನಾಡಿನ ಹೆಮ್ಮೆಯ ಕಾರು ನಮ್ಮವರ ಕೈಗೆ ಬಂದಾಗ ಭಾರತೀಯರು ಪಟ್ಟ ಸಂತೋಷ ಸಹಜವಾದುದೇ.

ಆದರೆ ಖರೀದಿಯ ಮೂರೇ ತಿಂಗಳಿಗೆ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕು ಕುಸಿದು ಜಗತ್ತೇ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತು. 2008-09ರಲ್ಲಿ ಟಾಟಾ ಮೋಟಾರ್ಸ್‌ನ ಒಟ್ಟು ನಷ್ಟ ಸುಮಾರು 2,500 ಕೋಟಿ ರೂಪಾಯಿಗೆ ತಲುಪಿತು. ಬಿಳಿಯಾನೆಯನ್ನು ಕಟ್ಟಿಕೊಂಡರು ಎಂದವರೇ ಆಗ ಹೆಚ್ಚು. ಟಾಟಾ ಎದೆಗುಂದದೆ ಹಣ ತೊಡಗಿಸಿತು. ಆಡಳಿತವನ್ನು ಅಲ್ಲಿಯವರ ಕೈಯಲ್ಲಿಯೇ ಇರಿಸಿತು. 2009ರಲ್ಲಿ ಮುಂಬಯಿಯಲ್ಲಿ ಮಾರಾಟ ಮಳಿಗೆ ತೆರೆಯಿತು. 2011ರಲ್ಲಿ ಪುಣೆಯಲ್ಲಿ ಲ್ಯಾಂಡ್ ರೋವರ್ ಜೋಡಣೆ ಆರಂಭವಾಗಿ, ಮುಂದೆ ಜಾಗ್ವಾರ್ ಎಕ್ಸ್‌ಎಫ್ ಕೂಡ ಅಲ್ಲಿ ಸಿದ್ಧವಾಯಿತು. ಸಮೂಹವು 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ರಾಣಿಪೇಟೆ ಜಿಲ್ಲೆಯಲ್ಲಿ 9,000 ಕೋಟಿ ರೂಪಾಯಿಯ ಕಾರ್ಖಾನೆಗೆ ಅಡಿಗಲ್ಲನ್ನೂ ಇರಿಸಿತು.

ಈ ಚೇತರಿಕೆಯಲ್ಲಿ ದುಡಿದದ್ದು ಮುಖ್ಯವಾಗಿ ರೇಂಜ್ ರೋವರ್. ಕೂಡುಕುಟುಂಬದಲ್ಲಿ ಅಣ್ಣ ಸಂಪಾದಿಸಿ ತರುವಾಗ ತಮ್ಮ ಮನೆತನದ ಹೆಸರಿನಲ್ಲಿ ತಿರುಗಾಡಿದಂತೆ ಜಾಗ್ವಾರ್‌ನ ಸ್ಥಿತಿಯಾಯಿತು. ಹೊಸ ಕಾರುಗಳು ಒಳ್ಳೆಯವೇ ಆಗಿದ್ದವು. 2018ರ ಐ-ಪೇಸ್ ಎಂಬ ವಿದ್ಯುತ್ ಕಾರು ಮರುವರ್ಷ ವಿಶ್ವದ ವರ್ಷದ ಕಾರು ಎಂಬ ಪ್ರಶಸ್ತಿಯನ್ನೂ ಗಳಿಸಿತು. ಆದರೂ ತನ್ನ ಉತ್ತಮ ವರ್ಷಗಳಲ್ಲಿಯೂ ಜಾಗ್ವಾರ್ ಮಾರಿದ್ದು 1,80,000 ಕಾರುಗಳ ಆಸುಪಾಸು. ಬಿಎಂಡಬ್ಲ್ಯು ವರ್ಷಕ್ಕೆ ಇಪ್ಪತ್ತು ಲಕ್ಷ ದಾಟಿಸುತ್ತಿತ್ತು. ಹೊಸ ಎಂಜಿನ್, ಹೊಸ ಬ್ಯಾಟರಿ, ಹೊಸ ತಂತ್ರಾಂಶ ರೂಪಿಸುವ ಖರ್ಚು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಆ ಖರ್ಚನ್ನು ಇಪ್ಪತ್ತು ಲಕ್ಷ ಕಾರುಗಳ ಮೇಲೆ ಹಂಚುವುದಕ್ಕೂ ಎರಡು ಲಕ್ಷಕ್ಕೂ ಕಡಿಮೆ ಕಾರುಗಳ ಮೇಲೆ ಹಂಚುವುದಕ್ಕೂ ಎಷ್ಟು ಅಂತರವೆಂಬುದನ್ನು ಮನೆ ನಡೆಸುವ ಗೃಹಿಣಿಯೂ ಹೇಳಬಲ್ಲಳು.

ಹೊಸ ದಾರಿಯ ಲೆಕ್ಕ

2021ರ ಫೆಬ್ರವರಿಯಲ್ಲಿ ಸಂಸ್ಥೆಯು ಜಾಗ್ವಾರ್ ಇನ್ನು ಸಂಪೂರ್ಣ ವಿದ್ಯುತ್ ಚಾಲಿತವಾಗುವುದೆಂದು ಸಾರಿತು. ಬಹುಮಟ್ಟಿಗೆ ಸಿದ್ಧವಾಗಿದ್ದ ಎಕ್ಸ್‌ಜೆ ವಿದ್ಯುತ್ ಕಾರಿನ ಯೋಜನೆಯನ್ನು ಕೈಬಿಟ್ಟಿತು. 2024ರಲ್ಲಿ ಎಕ್ಸ್‌ಇ, ಎಕ್ಸ್‌ಎಫ್, ಎಫ್-ಟೈಪ್‌ಗಳ ತಯಾರಿಕೆ ನಿಂತಿತು; ವರ್ಷಾಂತ್ಯದ ಹೊತ್ತಿಗೆ ತವರಾದ ಬ್ರಿಟನ್ನಿನಲ್ಲಿಯೇ ಹೊಸ ಜಾಗ್ವಾರ್ ಮಾರಾಟವನ್ನು ನಿಲ್ಲಿಸಲಾಯಿತು. ಡಿಸೆಂಬರಿನಲ್ಲಿ ಮಿಯಾಮಿಯಲ್ಲಿ ಟೈಪ್ 00 ಎಂಬ ಕಲ್ಪನಾ ಮಾದರಿಯನ್ನು ತೋರಿಸಿ, ಮುಂದೆ ಬರಲಿರುವ ನಾಲ್ಕು ಬಾಗಿಲಿನ ಕಾರಿಗೆ 1 ಲಕ್ಷ ಪೌಂಡಿಗೂ ಮೀರಿದ ಬೆಲೆ ಇರುವುದೆಂಬ ಸೂಚನೆಯನ್ನು ನೀಡಲಾಯಿತು. ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಕೋಟಿ ರೂಪಾಯಿಗೂ ಮೇಲೆ. ಹಳೆಯ ಗ್ರಾಹಕರಲ್ಲಿ ಬಹುಪಾಲು ಜನ ಜೊತೆಗೆ ಬರಲಾರರೆಂಬುದನ್ನು ಆಡಳಿತವೂ ಮುಚ್ಚಿಡಲಿಲ್ಲ.

ಯಾರನ್ನೂ ಅನುಕರಿಸಬೇಡಿ ಎಂಬ ಲಯನ್ಸ್ ಅವರ ಮಾತನ್ನೇ ಹೊಸ ಪ್ರಚಾರದ ಘೋಷವಾಕ್ಯವನ್ನಾಗಿ ಮಾಡಿಕೊಂಡದ್ದು ಇಲ್ಲಿ ಗಮನಾರ್ಹ. ಸ್ಥಾಪಕರ ಒಂದು ಮಾತನ್ನು ಎತ್ತಿ ಹಿಡಿದು, ಅವರ ಮತ್ತೊಂದು ತತ್ವವನ್ನು ಬಿಟ್ಟುಕೊಡಲಾಗಿದೆ. ಊಹಿಸಿದ್ದಕ್ಕಿಂತ ಕಡಿಮೆ ಬೆಲೆಗೆ ಸೊಬಗನ್ನು ಕೊಡುವುದು ಲಯನ್ಸ್ ಮಾರ್ಗ. ಕೆಲವೇ ಕಾರುಗಳನ್ನು ಅತಿ ಹೆಚ್ಚಿನ ಬೆಲೆಗೆ ಮಾರುವುದು ಹೊಸ ಮಾರ್ಗ. ವ್ಯಾಪಾರದ ದೃಷ್ಟಿಯಿಂದ ಇದಕ್ಕೆ ಕಾರಣಗಳಿವೆ, ಅಲ್ಲಗಳೆಯುವಂತಿಲ್ಲ. ಹಳೆಯ ದಾರಿಯಲ್ಲಿ ನಷ್ಟ ತಪ್ಪುತ್ತಿರಲಿಲ್ಲ. ಜಾಗ್ವಾರ್ ಚೆಂದ ಎಂದು ಹೊಗಳುತ್ತಲೇ ಜರ್ಮನ್ ಕಾರು ಕೊಂಡವರು ಅಸಂಖ್ಯ. ಹೊಗಳಿಕೆಯಿಂದ ಕಾರ್ಮಿಕರ ಸಂಬಳ ಹುಟ್ಟುವುದಿಲ್ಲ. ಆದರೆ ಕೋಟಿ ರೂಪಾಯಿಯ ಕಾರು ಕೊಳ್ಳುವವನ ಮುಂದೆ ಬೆಂಟ್ಲಿ, ಪೋರ್ಷೆಗಳಂಥ ಹೆಸರುಗಳು ಸಾಲಾಗಿ ನಿಂತಿವೆ. ಅವನ್ನು ಬಿಟ್ಟು ಜಾಗ್ವಾರನ್ನೇ ಆರಿಸಲು ಅವನಿಗೆ ಉಳಿಯುವ ಬಲವಾದ ಕಾರಣ ಪರಂಪರೆಯೊಂದೇ. ಆ ಪರಂಪರೆಯ ಗುರುತುಗಳನ್ನೇ ಬದಿಗೊತ್ತಿ ಬೆಲೆಯನ್ನು ಏರಿಸುವುದು ಬೇರು ಕಡಿದು ಫಲ ಬಯಸಿದಂತೆ ಎಂಬ ಆತಂಕ ನಮ್ಮದು.

ಈ ಪಂದ್ಯ ಹೂಡುವ ಹೊತ್ತೂ ಸುಖದ್ದಾಗಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಹೇರಿದ ಆಮದು ಸುಂಕದಿಂದ ಮಾತೃಸಂಸ್ಥೆಯಾದ ಜೆಎಲ್‌ಆರ್ ಕೆಲಕಾಲ ಅಲ್ಲಿಗೆ ರಫ್ತು ನಿಲ್ಲಿಸಬೇಕಾಯಿತು. ಆಗಸ್ಟ್ ಕೊನೆಯಲ್ಲಿ ಸೈಬರ್ ದಾಳಿ ನಡೆದು ಕಾರ್ಖಾನೆಗಳು ಐದು ವಾರಗಳಿಗೂ ಹೆಚ್ಚು ಕಾಲ ಸ್ತಬ್ಧವಾದವು. ಬಿಡಿಭಾಗ ಪೂರೈಸುವ ಸಣ್ಣ ಉದ್ಯಮಗಳನ್ನು ಉಳಿಸಲು ಬ್ರಿಟಿಷ್ ಸರಕಾರ 150 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನಿಂತಿತು. ಆ ದೇಶದ ಅರ್ಥವ್ಯವಸ್ಥೆಗೆ ಒಟ್ಟು 190 ಕೋಟಿ ಪೌಂಡ್ ನಷ್ಟವಾಯಿತೆಂದು ಅಲ್ಲಿನ ಸ್ವತಂತ್ರ ಸಂಸ್ಥೆಯೊಂದು ಅಂದಾಜಿಸಿತು. ಅದೇ ಅಕ್ಟೋಬರಿನಲ್ಲಿ ಟಾಟಾ ಮೋಟಾರ್ಸ್ ಎರಡಾಗಿ ಒಡೆದು, ಜೆಎಲ್‌ಆರ್ ಪ್ರಯಾಣಿಕ ವಾಹನಗಳ ಕಂಪೆನಿಯ ಪಾಲಿಗೆ ಬಂದಿತು. ಆ ಷೇರು ಹೊಂದಿರುವವರ ಅದೃಷ್ಟ ಈಗ ಮೊದಲಿಗಿಂತಲೂ ನೇರವಾಗಿ ಬ್ರಿಟನ್ನಿನ ಕಾರ್ಖಾನೆಗಳೊಂದಿಗೆ ಹೆಣೆದುಕೊಂಡಿದೆ. 2025ರ ನವೆಂಬರಿನಲ್ಲಿ ಟಾಟಾ ಮೋಟಾರ್ಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಪಿ.ಬಿ. ಬಾಲಾಜಿ ಅವರು ಜೆಎಲ್‌ಆರ್ ಚುಕ್ಕಾಣಿ ಹಿಡಿದರು. ಲೆಕ್ಕಪತ್ರ ಬಲ್ಲವರ ಕೈಗೆ ಸೊಬಗಿನ ಹೊಣೆಯೂ ಬಂದಿದೆ.

ನಾವು ತಿಳಿಯಬೇಕಾದುದು

ಜಾಗ್ವಾರ್‌ನ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕಾರ್ಖಾನೆ, ಯಂತ್ರ, ಹಕ್ಕುಪತ್ರಗಳನ್ನು ಹಣ ಕೊಟ್ಟು ಕೊಳ್ಳಬಹುದು. ಹೆಸರಿನೊಡನೆ ಬರುವ ಜನರ ನೆನಪು ಮಾತ್ರ ಕೊಂಡವನ ಸ್ವತ್ತಲ್ಲ, ಅವನ ಬಳಿ ಇರಿಸಿದ ಒತ್ತೆ. ಲೇಲ್ಯಾಂಡ್ ಅದನ್ನು ಅಲಕ್ಷಿಸಿತು, ಫೋರ್ಡ್ ಅದನ್ನು ಅಗ್ಗ ಮಾಡಿತು. ಟಾಟಾ ಸಮೂಹವು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ತಾಳ್ಮೆಯಿಂದ ಪೋಷಿಸಿ, ಈಗ ಒಂದೇ ಜಿಗಿತದಲ್ಲಿ ಆಚೆ ದಡ ಸೇರುವ ಸಾಹಸಕ್ಕೆ ಒಪ್ಪಿಗೆ ಕೊಟ್ಟಿದೆ.

ಬದಲಾವಣೆಯೇ ತಪ್ಪೆಂದು ನಾವು ಹೇಳುವುದಿಲ್ಲ. 1945ರಲ್ಲಿ ಹೆಸರನ್ನೇ ಬದಲಿಸಿದ ಸಂಸ್ಥೆಯಿದು. ಆದರೆ ಅಂದು ಹೆಸರು ಬದಲಾದರೂ ಗ್ರಾಹಕನೊಡನೆ ಇದ್ದ ಒಪ್ಪಂದ ಬದಲಾಗಲಿಲ್ಲ. ಇಂದು ಹೆಸರು ಉಳಿದು ಒಪ್ಪಂದ ಬದಲಾಗಿದೆ. ಹೊಸ ಜಾಗ್ವಾರ್ ಗೆಲ್ಲಬೇಕಾದರೆ, ಕೋಟಿ ತೆತ್ತವನಿಗೂ ತಾನು ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಪಡೆದೆನೆಂಬ ಲಯನ್ಸ್ ಕಾಲದ ಆ ಹಳೆಯ ತೃಪ್ತಿ ದೊರೆಯಬೇಕು. ಅದು ದೊರೆತರೆ ಜಾಹೀರಾತಿನ ಗದ್ದಲವನ್ನು ಜನ ಮರೆಯುತ್ತಾರೆ. ದೊರೆಯದಿದ್ದರೆ, ಬೆಲೆಯನ್ನು ಮಾತ್ರ ಏರಿಸಿಕೊಂಡ ಹೆಸರೆಂದು ಅದನ್ನು ನೆನೆಯುತ್ತಾರೆ. ಮುಂಬಯಿಯ ಒಡೆತನಕ್ಕೆ ಅಂತಹ ಅಪಕೀರ್ತಿ ತಟ್ಟದಿರಲಿ ಎಂಬುದೇ ನಮ್ಮ ಹಾರೈಕೆ.