ಹುಲ್ಲು ಕಂದಿದರೆ ಮೈದಾನ ಸತ್ತಂತೆಯೇ? ಚಳಿಗಾಲಕ್ಕೆ ಮುನ್ನ ಆಟದ ಮೈದಾನಕ್ಕೆ ಬೇಕಾದ ಆರೈಕೆ ಏನು?

ಅಮೆರಿಕದಲ್ಲಿರುವ ಸಂಬಂಧಿಕರೊಬ್ಬರು ನವೆಂಬರ್ ಕೊನೆಯಲ್ಲಿ ಫ್ಯಾಮಿಲಿ ಗ್ರೂಪ್‌ಗೆ ಒಂದು ಫೋಟೊ ಹಾಕಿದ್ದಾರೆ ಅಂದುಕೊಳ್ಳಿ. ಮಕ್ಕಳು ಫುಟ್‌ಬಾಲ್ ಆಡುವ ಮೈದಾನ, ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ನೆಲ, ಗೇಟಿಗೆ ಬೀಗ, ಮೇಲೊಂದು 'ಮೈದಾನ ಮುಚ್ಚಿದೆ' ಎಂಬ ಫಲಕ. ಕೆಳಗೆ ಬರುವ ಮಾತುಗಳನ್ನು ನಾವೆಲ್ಲ ಊಹಿಸಬಹುದು: "ಹುಲ್ಲು ಪೂರ್ತಿ ಸತ್ತೇ ಹೋಯ್ತು", "ಚೆನ್ನಾಗಿ ನೀರು ಬಿಟ್ಟು ಯೂರಿಯಾ ಹಾಕಿದ್ದರೆ ಹಸಿರಾಗಿರ್ತಿತ್ತು", "ನಿರ್ವಹಣೆ ಮಾಡೋಕೆ ಸೋಮಾರಿತನ, ಅದಕ್ಕೇ ಬೀಗ".

ಈ ಮೂರೂ ಮಾತು ಕೇಳಲು ಸರಿ ಎನಿಸುತ್ತವೆ. ಆದರೆ ಮೂರರಲ್ಲೂ ತಪ್ಪಿದೆ. ಚಳಿ ದೇಶಗಳ ಹುಲ್ಲಿನ ಮೈದಾನಗಳನ್ನು ಹೆಚ್ಚಾಗಿ ಕೆಡಿಸುವುದು ಚಳಿಯಲ್ಲ, ಬಣ್ಣವೂ ಅಲ್ಲ. ಒದ್ದೆಯಾದ, ಬೆಳವಣಿಗೆ ನಿಂತ ನೆಲದ ಮೇಲಿನ ತುಳಿತ. ಇದು ಮಕ್ಕಳ ಮೊಣಕಾಲು, ತಲೆ, ಸಾರ್ವಜನಿಕರ ದುಡ್ಡು ಎಲ್ಲಕ್ಕೂ ಸಂಬಂಧಿಸಿದ ವಿಷಯ. ಹಾಗಾಗಿ ಒಂದೊಂದಾಗಿ ನೋಡೋಣ.

ಕಂದಿದ ಹುಲ್ಲು ಸತ್ತಿದೆಯೇ?

ಬಹುತೇಕ ಸಲ ಇಲ್ಲ. ಆಟದ ಮೈದಾನಗಳಲ್ಲಿ ಬೆಳೆಸುವ ಹುಲ್ಲಿನಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದು, ಚಳಿಗೆ ಒಗ್ಗಿದ ರೈ ಹುಲ್ಲು, ಕೆಂಟಕಿ ಬ್ಲೂಗ್ರಾಸ್ ಮುಂತಾದವು. ಇವು ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಹುಲುಸಾಗಿ ಬೆಳೆಯುತ್ತವೆ. ಇನ್ನೊಂದು, ಬಿಸಿಲನ್ನು ಇಷ್ಟಪಡುವ ಹುಲ್ಲು. ಅದರಲ್ಲಿ ಪ್ರಮುಖವಾದುದನ್ನು ಜಗತ್ತು ಬರ್ಮುಡಾ ಗ್ರಾಸ್ ಎನ್ನುತ್ತದೆ. ನಾವು ಅದನ್ನು ಗರಿಕೆ ಎನ್ನುತ್ತೇವೆ. ಹೌದು, ಗಣಪತಿಗೆ ಏರಿಸುವ ಅದೇ ಗರಿಕೆ! ಅದಕ್ಕೆ 27ರಿಂದ 35 ಡಿಗ್ರಿಯಷ್ಟು ಬಿಸಿ ಬೇಕು.

ಮಣ್ಣಿನ ತಾಪಮಾನ ಸುಮಾರು 10 ಡಿಗ್ರಿಗಿಂತ ಕೆಳಗಿಳಿದಾಗ ಗರಿಕೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಎಲೆಯ ಹಸಿರು ಹೋಗಿ ಹುಲ್ಲು ಒಣಗಿದಂತೆ ಕಾಣುತ್ತದೆ. ಆದರೆ ಬುಡ ಮತ್ತು ನೆಲದೊಳಗಿನ ಕಾಂಡ ಜೀವಂತವಾಗಿರುತ್ತವೆ. ಇದನ್ನು ಸುಪ್ತಾವಸ್ಥೆ ಎನ್ನುತ್ತಾರೆ. ಹೊಲದಲ್ಲಿ ಗರಿಕೆ ಕಿತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಒಣಗಿ ಹೋದಂತೆ ಕಾಣುವ ಗರಿಕೆ ಮೊದಲ ಮಳೆಗೆ ಮತ್ತೆ ತಲೆ ಎತ್ತುತ್ತದಲ್ಲ, ಅದೇ ಶಕ್ತಿ ಇಲ್ಲೂ ಕೆಲಸ ಮಾಡುತ್ತದೆ. ನಮ್ಮಲ್ಲಿ ಬರಕ್ಕೆ ಮಲಗುವ ಹುಲ್ಲು ಅಲ್ಲಿ ಚಳಿಗೆ ಮಲಗುತ್ತದೆ.

ಹಾಗೆಂದು ಚಳಿಗೆ ಹುಲ್ಲು ಸಾಯುವುದೇ ಇಲ್ಲ ಎಂದಲ್ಲ. ಚಳಿ ತೀವ್ರವಾಗಿ ಬಹಳ ದಿನ ಮುಂದುವರಿದರೆ, ಅದರಲ್ಲೂ ನೆರಳಿರುವ, ನೀರು ನಿಲ್ಲುವ, ಮೊದಲೇ ಸವೆದ ಜಾಗಗಳಲ್ಲಿ ಗರಿಕೆ ಸಾಯಬಹುದು. ಇದನ್ನು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಅಂಗೈ ಅಗಲದ ಹುಲ್ಲನ್ನು ಮಣ್ಣಿನ ಸಮೇತ ತೆಗೆದು, ಕುಂಡದಲ್ಲಿಟ್ಟು, ಬೆಚ್ಚಗಿನ ಬೆಳಕಿನ ಜಾಗದಲ್ಲಿ ನೀರು ಹಾಕುತ್ತಾ ಎರಡು-ಮೂರು ವಾರ ಕಾಯುವುದು. ಚಿಗುರಿದರೆ ಜೀವ ಇದೆ ಎಂದರ್ಥ. ಫೋಟೊದಲ್ಲಿ ಕಾಣುವ ಬಣ್ಣದಿಂದ ಇದನ್ನು ಹೇಳಲಾಗದು.

ಹಾಗಾದರೆ ಮೈದಾನವನ್ನು ಕೆಡಿಸುವುದು ಏನು?

ಒಳ್ಳೆಯ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಖಾಲಿ ಜಾಗ ಇರುತ್ತದೆ. ಆ ಸಂದುಗಳಲ್ಲಿ ಗಾಳಿ ಮತ್ತು ನೀರು ಇರುತ್ತವೆ. ಬೇರು ಉಸಿರಾಡುವುದು, ಮಳೆನೀರು ಇಳಿದು ಹೋಗುವುದು ಇವುಗಳ ಮೂಲಕವೇ. ಒದ್ದೆ ಮಣ್ಣಿನ ಮೇಲೆ ಇಪ್ಪತ್ತೆರಡು ಆಟಗಾರರು ಓಡಿದರೆ ಈ ಸಂದುಗಳು ಅಮುಕಿ ಮುಚ್ಚಿಹೋಗುತ್ತವೆ. ಕಾಲುದಾರಿಯಲ್ಲಿ ಹುಲ್ಲು ಯಾಕೆ ಬೆಳೆಯುವುದಿಲ್ಲ ಎಂಬುದಕ್ಕೂ ಕಾರಣ ಇದೇ. ಗೋಲಿನ ಮುಂದೆ, ಮೈದಾನದ ನಡುವೆ ಮೊದಲು ಮಣ್ಣು ಕಾಣುವುದೂ ಇದರಿಂದಲೇ.

ಬೇಸಿಗೆಯಲ್ಲಿ ಹೀಗೆ ಪೆಟ್ಟಾದರೆ ಹುಲ್ಲು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ನವೆಂಬರ್ ಕೊನೆಗೆ ಬೆಳವಣಿಗೆ ನಿಂತಿರುವುದರಿಂದ ಅವತ್ತು ಆದ ಗಾಯ ಮುಂದಿನ ವಸಂತದವರೆಗೆ ಗಾಯವಾಗಿಯೇ ಉಳಿಯುತ್ತದೆ.

ಇದರ ಜೊತೆ ಫ್ರಾಸ್ಟ್ ಇದೆ. ಅಂದರೆ ರಾತ್ರಿಯ ಚಳಿಗೆ ಹುಲ್ಲಿನ ಮೇಲೆ ಬಿಳಿಯ ಹರಳಾಗಿ ಕೂರುವ ಇಬ್ಬನಿ. ಆಗ ಎಲೆಯ ಒಳಗಿನ ನೀರೂ ಗಟ್ಟಿಯಾಗಿರುತ್ತದೆ. ಅದರ ಮೇಲೆ ಕಾಲಿಟ್ಟರೆ ಎಲೆ ಬಾಗುವ ಬದಲು ಅದರ ಜೀವಕೋಶಗಳು ಒಡೆಯುತ್ತವೆ. ಬಿಸಿಲು ಬಂದ ಮೇಲೆ ನಡೆದ ಹೆಜ್ಜೆಗಳು ಒಂದೊಂದಾಗಿ ಕಪ್ಪಾಗಿ, ನಂತರ ಕಂದಾಗಿ ಕಾಣುತ್ತವೆ. ಎಲ್ಲಕ್ಕಿಂತ ಅಪಾಯದ ಹೊತ್ತೆಂದರೆ ಮೇಲಿನ ಒಂದೆರಡು ಇಂಚು ಕರಗಿ ಕೆಸರಾಗಿ, ಕೆಳಗಿನ ನೆಲ ಇನ್ನೂ ಹೆಪ್ಪುಗಟ್ಟಿರುವಾಗ. ಆಗ ಶೂ ಜಾರಿದರೆ ಮೇಲಿನ ಪದರ ಬೇರು ಸಮೇತ ಕಿತ್ತುಬರುತ್ತದೆ.

ಗೇಟಿಗೆ ಬೀಗ ಹಾಕುವುದು ಸೋಮಾರಿತನವೇ?

ಹಲವು ಸಲ ಅದೇ ನಿರ್ವಹಣೆಯ ಮುಖ್ಯ ಭಾಗ. ಮೇಲೆ ಹೇಳಿದ ಸ್ಥಿತಿಯಲ್ಲಿ ಆಡುವ ಒಂದೇ ಒಂದು ಪಂದ್ಯ ಇಡೀ ಮುಂದಿನ ಋತುವಿನ ಮೈದಾನವನ್ನು ಕೆಡಿಸಬಲ್ಲದು. ಅದನ್ನು ಸರಿಪಡಿಸಲು ಮತ್ತೆ ಹುಲ್ಲು ಹಾಸಬೇಕು. ಶಾಲೆ, ಪುರಸಭೆಗಳ ಮೈದಾನವಾದರೆ ಆ ಖರ್ಚು ಜನರ ದುಡ್ಡೇ.

ಇನ್ನೊಂದು ಕಾರಣ ಸುರಕ್ಷತೆ. ಅಮುಕಿದ ಅಥವಾ ಹೆಪ್ಪುಗಟ್ಟಿದ ನೆಲ ಗಟ್ಟಿ. ಅದರ ಮೇಲೆ ಬಿದ್ದ ಮಗುವಿನ ತಲೆಗೆ ಬೀಳುವ ಪೆಟ್ಟೂ ಜೋರು. ನೆಲದ ಗಡಸುತನ ಅಳೆಯಲು ಕ್ಲೆಗ್ ಹ್ಯಾಮರ್ ಎಂಬ ಉಪಕರಣವಿದೆ. ಕೊಳವೆಯೊಳಗಿಂದ ಒಂದು ತೂಕವನ್ನು ಬೀಳಿಸಿ, ನೆಲಕ್ಕೆ ತಾಗಿದಾಗ ಅದು ಎಷ್ಟು ಥಟ್ಟನೆ ನಿಲ್ಲುತ್ತದೆ ಎಂಬುದನ್ನು ಅಳೆಯುತ್ತಾರೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ತನ್ನ ಮೈದಾನಗಳಲ್ಲಿ ಈ ಅಳತೆ 100 ದಾಟಬಾರದು ಎಂದು ಮಿತಿ ಇಟ್ಟಿದೆ. ಊರಿನ ಮೈದಾನದಲ್ಲಿ ಇಂಥ ಯಂತ್ರ ಇರದಿರಬಹುದು. ಆದರೆ ನೆಲಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಬಹುದು. ಅದು ಸುಲಭವಾಗಿ ಇಳಿಯದಿದ್ದರೆ ನೆಲ ಗಟ್ಟಿಯಾಗಿದೆ ಎಂಬ ಸೂಚನೆ.

ಚಳಿಗೆ ಮುನ್ನ ಮಾಡುವ ಕೆಲಸಗಳು ಯಾವುವು?

ಚಳಿಗಾಲದ ಮೈದಾನದ ಭವಿಷ್ಯ ನಿರ್ಧಾರವಾಗುವುದು ಚಳಿಗೆ ಮುಂಚಿನ ವಾರಗಳಲ್ಲಿ. ಮುಖ್ಯವಾದ ಕೆಲಸಗಳು ಇವು:

• ತೂತು ಹಾಕುವುದು: ಟೊಳ್ಳು ಮೊಳೆಗಳಿರುವ ಯಂತ್ರದಿಂದ ಕೆಲವು ಇಂಚು ಆಳದ ಮಣ್ಣಿನ ತುಂಡುಗಳನ್ನು ಹೊರತೆಗೆಯುತ್ತಾರೆ. ಮುಚ್ಚಿದ ಸಂದುಗಳು ತೆರೆದು ಗಾಳಿ, ನೀರು ಇಳಿಯುತ್ತವೆ. ಇದನ್ನು ಹುಲ್ಲು ಇನ್ನೂ ಬೆಳೆಯುತ್ತಿರುವಾಗ, ನೆಲ ಹಸಿಯಾಗಿದ್ದರೂ ಕೆಸರಾಗಿಲ್ಲದಾಗ ಮಾಡಬೇಕು.

• ಬೀಜ ಹಾಕುವುದು: ಒಂದೋ ಮೊಳೆತು ಬೇರೂರಲು ಸಾಕಷ್ಟು ದಿನ ಸಿಗುವಂತೆ ಮುಂಚೆಯೇ ಹಾಕಬೇಕು, ಇಲ್ಲವೇ ಮೊಳೆಯಲಾರದಷ್ಟು ಚಳಿ ಬಂದ ಮೇಲೆ ಹಾಕಿ ವಸಂತದವರೆಗೆ ಬೀಜವನ್ನು ಮಲಗಿಸಬೇಕು. ಇವೆರಡರ ನಡುವೆ ಹಾಕಿದರೆ ಎಳೆಯ ಮೊಳಕೆ ಚಳಿಗೆ ಸಿಕ್ಕಿ ಸಾಯುತ್ತದೆ.

• ಎಲೆ ತೆಗೆಯುವುದು: ಉದುರಿದ ಎಲೆಗಳು ಒದ್ದೆಯಾಗಿ ಚಾಪೆಯಂತೆ ಕೂತರೆ ಹುಲ್ಲಿಗೆ ಬೆಳಕು ಸಿಗುವುದಿಲ್ಲ, ಶಿಲೀಂಧ್ರ ರೋಗಕ್ಕೆ ದಾರಿಯಾಗುತ್ತದೆ. ತೆಳುವಾಗಿದ್ದರೆ ಹುಲ್ಲು ಕತ್ತರಿಸುವ ಯಂತ್ರದಲ್ಲೇ ಪುಡಿ ಮಾಡಿ ಬಿಡಬಹುದು, ಅದು ಮಣ್ಣಿಗೆ ಸೇರುತ್ತದೆ.

• ಹುಲ್ಲು ಕತ್ತರಿಸುವುದು: ಬೆಳವಣಿಗೆ ನಿಲ್ಲುವವರೆಗೂ ಮಾಮೂಲಿ ಎತ್ತರಕ್ಕೇ ಕತ್ತರಿಸುತ್ತಿರಬೇಕು. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

• ಪೈಪ್ ಖಾಲಿ ಮಾಡುವುದು: ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಸ್ಪ್ರಿಂಕ್ಲರ್ ಪೈಪ್‌ನಲ್ಲಿ ನೀರು ಉಳಿದರೆ ಪೈಪ್ ಒಡೆಯುತ್ತದೆ.

ನೀರು ಬಿಟ್ಟು ಯೂರಿಯಾ ಹಾಕಿದರೆ ಹಸಿರಾಗುವುದಿಲ್ಲವೇ?

ಗೊಬ್ಬರದ ಪ್ರಶ್ನೆಗೆ ಉತ್ತರ ಹುಲ್ಲಿನ ಬಗೆ ಮತ್ತು ಸಮಯದ ಮೇಲಿದೆ. ರೈ, ಬ್ಲೂಗ್ರಾಸ್‌ಗಳಿಗೆ ಮೇಲಿನ ಬೆಳವಣಿಗೆ ನಿಧಾನವಾಗಿ, ಎಲೆ ಇನ್ನೂ ಹಸಿರಾಗಿರುವಾಗ ಮಿತವಾಗಿ ಸಾರಜನಕ ಕೊಟ್ಟರೆ ವಸಂತದಲ್ಲಿ ಚೇತರಿಕೆ ಬೇಗ. ಅತಿಯಾದರೆ ಎಲೆ ಮೆತ್ತಗಾಗಿ ಹಿಮದಡಿ ರೋಗ ಹಿಡಿಯುತ್ತದೆ. ಮಲಗಲು ಹೊರಟ ಗರಿಕೆಗೆ ಸಾರಜನಕ ಕೊಟ್ಟು ಎಬ್ಬಿಸುವುದಂತೂ ಚಳಿಯ ಬಾಯಿಗೆ ಚಿಗುರನ್ನು ಕೊಟ್ಟಂತೆ.

ಹೆಪ್ಪುಗಟ್ಟಿದ ನೆಲಕ್ಕೆ ಹಾಕಿದ ಗೊಬ್ಬರ ಬೇರಿಗೆ ತಲುಪದೆ ಕೊಚ್ಚಿಕೊಂಡು ಕೆರೆ, ಹೊಳೆ ಸೇರುತ್ತದೆ. ನಮ್ಮ ಕನ್ನಡಿಗರೂ ಸಾಕಷ್ಟು ಸಂಖ್ಯೆಯಲ್ಲಿರುವ ನ್ಯೂಜೆರ್ಸಿಯಲ್ಲಿ ಇದಕ್ಕೆ ಕಾನೂನೇ ಇದೆ. ಅಲ್ಲಿ ಮನೆಯವರು ನವೆಂಬರ್ 15ರ ನಂತರ ಮಾರ್ಚ್ 1ರವರೆಗೆ ಹುಲ್ಲಿಗೆ ಸಾರಜನಕ, ರಂಜಕದ ಗೊಬ್ಬರ ಹಾಕುವಂತಿಲ್ಲ. ವೃತ್ತಿಪರರಿಗೆ ಡಿಸೆಂಬರ್ 1ರ ತನಕ ಅವಕಾಶ. ಹಾಗಾಗಿ "ಇನ್ನೊಂದು ಚೀಲ ಯೂರಿಯಾ ಸುರಿ" ಎಂಬ ಸಲಹೆಯನ್ನು ಅಲ್ಲಿರುವವರಿಗೆ ಕಳಿಸುವ ಮುನ್ನ ಯೋಚಿಸಿ.

ನೆಲದಡಿ ಹೀಟರ್ ಹಾಕಿದರೆ ಮುಗಿಯಿತಲ್ಲ?

ದುಡ್ಡಿರುವ ಕ್ಲಬ್‌ಗಳು ಹಾಕುತ್ತವೆ. ಆದರೆ ಅದರ ಇತಿಹಾಸವೇ ಒಂದು ಪಾಠ. ಇಂಗ್ಲೆಂಡಿನ ಎವರ್ಟನ್ ಕ್ಲಬ್ 1958ರಲ್ಲಿ ತನ್ನ ಗುಡಿಸನ್ ಪಾರ್ಕ್ ಮೈದಾನದಡಿ ವಿದ್ಯುತ್ ತಂತಿ ಹಾಕಿಸಿ ನೆಲ ಬಿಸಿ ಮಾಡಿತು. ಮಂಜು ಕರಗಿತು, ಸರಿ. ಆದರೆ ಕರಗಿದ ನೀರನ್ನೆಲ್ಲ ಹೊರಹಾಕುವ ಶಕ್ತಿ ಚರಂಡಿಗಿರಲಿಲ್ಲ. ಕೊನೆಗೆ 1960ರಲ್ಲಿ ಮೈದಾನ ಅಗೆದು ಹೊಸ ಚರಂಡಿ ವ್ಯವಸ್ಥೆ ಮಾಡಬೇಕಾಯಿತು.

ಅಮೆರಿಕದ ಗ್ರೀನ್ ಬೇ ನಗರದ ಲ್ಯಾಂಬೋ ಫೀಲ್ಡ್‌ನಲ್ಲೂ 1967ರಲ್ಲಿ ನೆಲದಡಿ ಹೀಟರ್ ಹಾಕಿದ್ದರು. ಅದೇ ವರ್ಷ ಡಿಸೆಂಬರ್ 31ರ ಪಂದ್ಯದ ದಿನ ತಾಪಮಾನ ಮೈನಸ್ 25 ಡಿಗ್ರಿ. ಹೊದಿಸಿದ್ದ ಟಾರ್ಪಾಲಿನ್ ತೆಗೆದಾಗ ಮೇಲೆ ನಿಂತಿದ್ದ ತೇವ ಹೆಪ್ಪುಗಟ್ಟಿ ಮೈದಾನ ಮಂಜುಗಡ್ಡೆಯ ಹಾಸಿನಂತಾಯಿತು. ಆ ಪಂದ್ಯ ಇವತ್ತಿಗೂ 'ಐಸ್ ಬೌಲ್' ಎಂದೇ ಹೆಸರುವಾಸಿ. ಎರಡೂ ಕಡೆ ತೊಂದರೆ ಕೊಟ್ಟಿದ್ದು ಹೊರಹೋಗದ ನೀರು.

ಹಸಿರಾಗಿದ್ದರೆ ಒಳ್ಳೆಯ ಮೈದಾನ ಎಂದರ್ಥವೇ?

ಅದೂ ಖಾತರಿಯಲ್ಲ. ಅಮೆರಿಕದ ದಕ್ಷಿಣ ಭಾಗದಲ್ಲಿ ಮಲಗಿದ ಗರಿಕೆಯ ಮೇಲೆ ರೈ ಹುಲ್ಲಿನ ಬೀಜ ಚೆಲ್ಲಿ ಚಳಿಗಾಲದಲ್ಲೂ ಮೈದಾನವನ್ನು ಹಸಿರಾಗಿಡುವ ಪದ್ಧತಿಯಿದೆ. 2023ರ ಫೆಬ್ರುವರಿ 12ರಂದು ಅರಿಜೋನಾದಲ್ಲಿ ನಡೆದ ಸೂಪರ್ ಬೌಲ್ ಪಂದ್ಯದ ಮೈದಾನವೂ ಹೀಗೇ ಸಿದ್ಧವಾಗಿತ್ತು. ಟಿವಿಯಲ್ಲಿ ಕಣ್ಣಿಗೆ ತಂಪಾಗಿ ಕಂಡರೂ ಆಟಗಾರರು ಮತ್ತೆ ಮತ್ತೆ ಜಾರಿದರು, ಕೆಲವರು ಪಂದ್ಯದ ನಡುವೆ ಶೂ ಬದಲಿಸಿದರು. ಬಣ್ಣ ಕ್ಯಾಮೆರಾಕ್ಕೆ ಕಾಣುತ್ತದೆ, ಕಾಲಿಗೆ ಸಿಗುವ ಹಿಡಿತ ಕಾಣುವುದಿಲ್ಲ.

ನಮ್ಮೂರಿನ ಮೈದಾನಕ್ಕೂ ಇದು ಅನ್ವಯಿಸುತ್ತದೆಯೇ?

ಅರ್ಧ ಅನ್ವಯಿಸುತ್ತದೆ. ಡಿಸೆಂಬರ್-ಜನವರಿಯಲ್ಲಿ ಬೆಂಗಳೂರಿನ ಸರಾಸರಿ ಕನಿಷ್ಠ ತಾಪಮಾನ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇಷ್ಟು ಚಳಿಗೆ ಗರಿಕೆ ನಿಧಾನವಾಗುತ್ತದೆಯೇ ಹೊರತು ಪೂರ್ತಿ ಮಲಗುವುದಿಲ್ಲ. ಹಾಗಾಗಿ ಇಲ್ಲಿ ಹುಲ್ಲು ಒಣಗಿದರೆ ನೀರಿನ ಕೊರತೆ, ನೆರಳು, ತುಳಿತ ಇವುಗಳನ್ನು ಮೊದಲು ನೋಡಬೇಕು. ಒಣಗಿದ ನೆಲಕ್ಕೆ ಯೂರಿಯಾ ಹಾಕಿ ನೀರು ಬಿಡದಿದ್ದರೆ ಹುಲ್ಲು ಇನ್ನಷ್ಟು ಸುಟ್ಟುಹೋಗುತ್ತದೆ.

ಆದರೆ ಒದ್ದೆ ನೆಲದ ಪಾಠ ಇಲ್ಲಿಗೂ ಒಂದೇ. ಹಿಂಗಾರು ಮಳೆ ಬಿದ್ದ ನವೆಂಬರ್‌ನಲ್ಲಿ ಶಾಲಾ ಮೈದಾನದೊಳಗೆ ಪೆಂಡಾಲ್ ಸಾಮಾನಿನ ಲಾರಿ ಬಿಟ್ಟರೆ, ಕಾರ್ಯಕ್ರಮಕ್ಕೆ ಕಾರು ನಿಲ್ಲಿಸಿದರೆ ಆಗುವ ಹಾನಿ ಅಲ್ಲಿನ ಪಂದ್ಯಕ್ಕಿಂತ ಕಡಿಮೆಯೇನಲ್ಲ. ಚಕ್ರದ ಗುರುತು ಒಣಗಿ ಗಟ್ಟಿಯಾದ ಮೇಲೆ ಅಲ್ಲಿ ಎಡವುವುದು ಮಕ್ಕಳೇ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ 2017ರಲ್ಲಿ ಸಬ್‌ಏರ್ ವ್ಯವಸ್ಥೆ ಅಳವಡಿಸಿ, ಕ್ರಿಕೆಟ್ ಮೈದಾನಗಳಲ್ಲೇ ಜಗತ್ತಿನಲ್ಲಿ ಮೊದಲನೆಯದಾಯಿತು. ಅದು ಮಾಡುವುದೂ ಇಷ್ಟೇ: ನೆಲದಡಿಯ ಕೊಳವೆಗಳ ಮೂಲಕ ಮಳೆನೀರನ್ನು ಬೇಗ ಎಳೆದುಕೊಳ್ಳುವುದು. ಊರಿನ ಮೈದಾನಕ್ಕೆ ಅಷ್ಟು ದುಡ್ಡು ಬೇಡ. ನೀರು ಹರಿದುಹೋಗುವ ಇಳಿಜಾರು, ಕಸ ಕಟ್ಟದ ಚರಂಡಿ, ಮಳೆ ಬಂದ ಮೇಲೆ ಒಂದೆರಡು ದಿನದ ವಿರಾಮ, ಗೋಲಿನ ಜಾಗವನ್ನು ಆಗಾಗ ಬದಲಿಸುವುದು ಇಷ್ಟಾದರೂ ಆದರೆ ಹುಲ್ಲು ಉಳಿಯುತ್ತದೆ.

ಕೊನೆಯದಾಗಿ

ಕಂದಿದ ಮೈದಾನದ ಫೋಟೊ ಬಂದಾಗ ಫಾರ್ವರ್ಡ್ ಒತ್ತುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಅದು ಯಾವ ಊರು, ಯಾವ ತಿಂಗಳು? ಅಲ್ಲಿರುವುದು ಯಾವ ಹುಲ್ಲು? ನೆಲ ಒದ್ದೆಯೋ, ಹೆಪ್ಪುಗಟ್ಟಿದೆಯೋ, ಒಣಗಿದೆಯೋ? ಉತ್ತರ ಗೊತ್ತಿಲ್ಲದೆ "ಮೈದಾನ ಹಾಳಾಯ್ತು" ಎಂದು ಹಂಚಿದರೆ ಬೀಗ ತೆಗೆಯುವಂತೆ ಒತ್ತಡ ಬೀಳುತ್ತದೆ. ಆಮೇಲೆ ಮೈದಾನ ನಿಜವಾಗಿಯೂ ಹಾಳಾಗುತ್ತದೆ. ಬೀಗ ಹಾಕಿದ ಮೈದಾನಗಳೆಲ್ಲ ಸರಿಯಾದ ನಿರ್ವಹಣೆಯಲ್ಲಿವೆ ಎಂದು ನಾವು ಹೇಳುತ್ತಿಲ್ಲ. ಅನುಮಾನ ಇದ್ದರೆ "ಯಾಕೆ ಹಸಿರಾಗಿಲ್ಲ?" ಎಂದು ಕೇಳುವ ಬದಲು "ತೂತು ಹಾಕಿಸಿದ್ದೀರಾ, ನೀರು ಎಲ್ಲಿ ಹೋಗುತ್ತದೆ, ಮತ್ತೆ ಯಾವಾಗ ತೆರೆಯುತ್ತೀರಿ?" ಎಂದು ಕೇಳಿ. ನಿರ್ವಹಣೆ ನಡೆದಿದೆಯೋ ಇಲ್ಲವೋ ಎಂಬುದು ಆ ಉತ್ತರದಲ್ಲಿ ಗೊತ್ತಾಗುತ್ತದೆ.