ರಷ್ಯಾದ ಲಸಿಕೆಗೆ ಕಾಯುವವರು, ಪುಣೆಯ ಲಸಿಕೆ ಮರೆತವರು

ರಷ್ಯಾ ಕ್ಯಾನ್ಸರ್‌ಗೆ ಲಸಿಕೆ ಕಂಡುಹಿಡಿದಿದೆ, 2025ರಿಂದ ತನ್ನ ರೋಗಿಗಳಿಗೆ ಉಚಿತವಾಗಿ ಕೊಡಲಿದೆ ಎಂಬ ಸುದ್ದಿ 2024ರ ಡಿಸೆಂಬರ್‌ನಲ್ಲಿ ಬಂದದ್ದೇ ತಡ, ವಾಟ್ಸಾಪ್‌ನಲ್ಲಿ ಎಲ್ಲೆಡೆ ಹರಿದಾಡಿತು. ಕಳುಹಿಸಿದವರಲ್ಲಿ ಪೂರ್ತಿ ಓದಿದವರೆಷ್ಟು ಎಂಬುದು ಬೇರೆ ಮಾತು. ಊರಿನಿಂದ ಪರೇಲ್‌ನ ಟಾಟಾ ಆಸ್ಪತ್ರೆಗೆ ಬರುವ ಬಂಧುಗಳನ್ನು ಮನೆಯಲ್ಲಿರಿಸಿಕೊಂಡು ಓಡಾಡುವ ಮುಂಬಯಿ ಕನ್ನಡಿಗರಿಗೆ ಇಂಥ ಸುದ್ದಿ ಆಸೆ ಹುಟ್ಟಿಸುವುದು ಸಹಜ. ಆದರೆ ಅದನ್ನು ನಂಬಿ ಕೀಮೋ ಮುಂದೂಡಿದರೆ ಕಳೆದ ದಿನಗಳು ಮರಳಿ ಸಿಗಲಾರವು.

ಪೋಲಿಯೋ, ಸಿಡುಬುಗಳಂತೆ ಕ್ಯಾನ್ಸರ್ ಹೊರಗಿನಿಂದ ಬಂದ ರೋಗಾಣುವಲ್ಲ. ದೇಹದ ಸ್ವಂತ ಜೀವಕೋಶವೇ ದಾರಿ ತಪ್ಪಿದ್ದು. ಮನೆಯವನೇ ಕಳ್ಳನಾದರೆ ಕಾವಲುಗಾರ ಗುರುತಿಸುವುದು ಹೇಗೆ? ಗಡ್ಡೆಯ ಕೋಶದ ಮೇಲೆ ಕಾಣುವ ವಿಶಿಷ್ಟ ಗುರುತುಗಳೇ ಆಂಟಿಜೆನ್‌ಗಳು. 1991ರಲ್ಲಿ ಬ್ರಸೆಲ್ಸ್‌ನಲ್ಲಿ ಥಿಯರಿ ಬೂನ್ ಅವರ ತಂಡ ಚರ್ಮದ ಕ್ಯಾನ್ಸರ್‌ನಲ್ಲಿ ಮೇಜ್ ಎಂಬ ಅಂಥದೊಂದು ಗುರುತನ್ನು ಪತ್ತೆಹಚ್ಚಿದಾಗ ಲಸಿಕೆ ಇನ್ನೇನು ಬಂತು ಎಂದೇ ಅನೇಕರು ಭಾವಿಸಿದ್ದರು. ಅದೇ ಜಾತಿಯ ಆಂಟಿಜೆನ್ ಬಳಸಿದ ಗ್ಲಾಕ್ಸೊ ಕಂಪೆನಿಯ ಲಸಿಕೆಯನ್ನು 2,000ಕ್ಕೂ ಹೆಚ್ಚು ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಪ್ರಯೋಜನ ಕಾಣದೆ 2014ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಮೆರಿಕ 2010ರಲ್ಲಿ ಒಪ್ಪಿಗೆ ನೀಡಿದ ಪ್ರಾಸ್ಟೇಟ್ ಕ್ಯಾನ್ಸರ್‌ನ ಪ್ರೊವೆಂಜ್ ಲಸಿಕೆ ಆಯುಷ್ಯವನ್ನು ಹೆಚ್ಚಿಸಿದ್ದು ಸರಾಸರಿ ನಾಲ್ಕು ತಿಂಗಳು. ಬೆಲೆ 93,000 ಡಾಲರ್! ತಯಾರಿಸಿದ ಕಂಪೆನಿಯೇ 2014ರಲ್ಲಿ ದಿವಾಳಿ ಅರ್ಜಿ ಹಾಕಿತು.

ಹಾಗೆಂದು ನಿರಾಶೆಗೂ ಕಾರಣವಿಲ್ಲ. ಈಗಿನ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಪ್ರತಿ ರೋಗಿಯ ಗಡ್ಡೆಯನ್ನು ಪರೀಕ್ಷಿಸಿ, ಅವನಲ್ಲಿ ಮಾತ್ರ ಇರುವ ಗುರುತುಗಳನ್ನು ಆಯ್ದು, ಅವನಿಗಾಗಿಯೇ ಚುಚ್ಚುಮದ್ದು ತಯಾರಿಸಲಾಗುತ್ತದೆ. ಇದು ಅಳತೆ ಕೊಟ್ಟು ಹೊಲಿಸುವ ಅಂಗಿ, ಅಂಗಡಿಯ ರೆಡಿಮೇಡ್ ಅಲ್ಲ. ಮಾಡರ್ನಾ ಮತ್ತು ಮರ್ಕ್ ಕಂಪೆನಿಗಳು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದಂತೆ, ಶಸ್ತ್ರಚಿಕಿತ್ಸೆಯಾದ 157 ಮೆಲನೋಮಾ ರೋಗಿಗಳ ಪರೀಕ್ಷೆಯಲ್ಲಿ, ಕೀಟ್ರೂಡಾ ಔಷಧಿಯೊಂದನ್ನೇ ಪಡೆದವರಿಗಿಂತ ಜೊತೆಗೆ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರುಕಳಿಸುವ ಅಥವಾ ಸಾವಿನ ಅಪಾಯ ಶೇ. 44ರಷ್ಟು ಕಡಿಮೆಯಿತ್ತು. ಒಳ್ಳೆಯ ಸುದ್ದಿಯೇ. ಆದರೆ 157 ಮಂದಿಯ ಲೆಕ್ಕದಿಂದ ಎಲ್ಲ ಕ್ಯಾನ್ಸರ್‌ಗೂ ಮದ್ದು ಸಿಕ್ಕಿತೆಂದು ಡಂಗುರ ಸಾರುವುದು ಸರಿಯಲ್ಲ.

ವಿಪರ್ಯಾಸವೆಂದರೆ, ಕೈಗೆಟಕುವ ಲಸಿಕೆಯ ಬಗ್ಗೆ ಯಾರೂ ಸಂದೇಶ ಕಳುಹಿಸುವುದಿಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಮೂಲ ಎಚ್‌ಪಿವಿ ಎಂಬ ವೈರಸ್. ಇದನ್ನು ತೋರಿಸಿಕೊಟ್ಟ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ದೊರೆಯಿತು. ವೈರಸ್ ಹೊರಗಿನವನಾದ್ದರಿಂದ ದೇಹ ಸುಲಭವಾಗಿ ಗುರುತಿಸುತ್ತದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆ 2023ರ ಜನವರಿಯಲ್ಲೇ ಬಿಡುಗಡೆಯಾಗಿದೆ. 2024ರ ಮಧ್ಯಂತರ ಬಜೆಟ್‌ನಲ್ಲಿ ಅರ್ಥ ಸಚಿವೆ ನಿರ್ಮಲಾ ಸೀತಾರಾಮನ್ ಅವರು 9ರಿಂದ 14 ವರ್ಷದ ಹುಡುಗಿಯರಿಗೆ ಈ ಲಸಿಕೆಯನ್ನು ಪ್ರೋತ್ಸಾಹಿಸುವುದಾಗಿ ಹೇಳಿದ್ದರು. ಆದರೂ ಮದುವೆಯಾಗದ ಹುಡುಗಿಗೆ ಇದೆಲ್ಲ ಏಕೆ ಎಂಬ ಮುಜುಗರ ಮನೆಗಳಲ್ಲಿ ಹೋಗಿಲ್ಲ. ಸೋಂಕು ತಗಲುವ ಮೊದಲೇ ಕೊಟ್ಟರೆ ಫಲ ಹೆಚ್ಚು ಎಂಬ ಕಾರಣಕ್ಕೇ ಈ ವಯಸ್ಸು ಎಂದು ವಿವರಿಸುವವರೂ ಇಲ್ಲ. ಲಸಿಕೆ ಪಡೆದವರೂ ಮುಂದೆ ತಪಾಸಣೆ ಮಾಡಿಸಿಕೊಳ್ಳಲೇಬೇಕು.

ಮುಂಬಯಿಯ ಕನ್ನಡ ಸಂಘಗಳು, ಜಾತೀಯ ಸಂಸ್ಥೆಗಳು ರಕ್ತದಾನ, ನೇತ್ರ ತಪಾಸಣೆಗಳನ್ನು ಅಚ್ಚುಕಟ್ಟಾಗಿ ನಡೆಸುತ್ತವೆ. ಜೂನ್‌ನಲ್ಲಿ ಪುಸ್ತಕ ವಿತರಣೆಗೆ ತಾಯಂದಿರು ಹೆಣ್ಣುಮಕ್ಕಳೊಂದಿಗೆ ಬಂದು ಕುಳಿತಿರುತ್ತಾರೆ. ಅಂದು ಶಾಲು, ಹಾರ, ಭಾಷಣಗಳನ್ನು ಸ್ವಲ್ಪ ಕಡಿಮೆ ಮಾಡಿ, ಸಮಾಜದ ವೈದ್ಯೆಯೊಬ್ಬರಿಗೆ ಅರ್ಧ ಗಂಟೆ ಮೈಕ್ ಕೊಡಲಿ. ಪ್ರಶ್ನೆ ಕೇಳಲು ತಾಯಂದಿರಿಗೂ ಸಮಯವಿರಲಿ.